ಏಳನೇ ಸಾಲಿನ ಹನ್ನೊಂದನೇ ಗಿಡ

ಶಹಾಬಾದ
೨೮ ಜನವರಿ ೧೯೭೯, ರವಿವಾರ

ಮುಧೋಳದ ಭೀಮಶ್ಯಾನಿಗೆ,

ಬಾಬುಮಿಯಾ ಬರೆಯುವುದು. ಕ್ಷೇಮವೇ ಎಂದು ಕೇಳುವುದಿಲ್ಲ. ನೀನು ಗಟ್ಟಿಯಾಗಿದ್ದೀಯ ಎಂದು ಸೇಡಂ ಬಸ್ಸಿನ ಕಂಡಕ್ಟರ್ ಹೇಳಿದ್ದಾನೆ. ನಾನೂ ಸತ್ತಿಲ್ಲ. ಕ್ಷೇಮ ಸಮಾಚಾರ ಇಲ್ಲಿಗೆ ಮುಗಿಯಿತು.

ಮೊದಲು ನನ್ನ ಕತ್ತರಿಯ ಮಾತು. ಸೊಲ್ಲಾಪುರದಿಂದ ತರಿಸಿದ, ನಡುವೆ ಸ್ಪ್ರಿಂಗ್ ಇರುವ ಗಿಡದ ಕತ್ತರಿ. ನಾಲ್ಕು ವರ್ಷವಾಯಿತು, ನಿನ್ನ ಮನೆಯಲ್ಲಿದೆ. ಇಪ್ಪತ್ತು ವರ್ಷ ಹಿಡಿದು ಅದರ ಹಿಡಿಕೆ ನನ್ನ ಅಂಗೈಗೆ ಸರಿಯಾಗಿ ಸವೆದಿತ್ತು. ಇನ್ನೊಬ್ಬರ ಕತ್ತರಿ ಒಯ್ದವನು ನಾಲ್ಕು ವರ್ಷದಲ್ಲಿ ಒಮ್ಮೆಯಾದರೂ ತಂದುಕೊಡಬೇಕು ಎಂದುಕೊಳ್ಳಬೇಡವೇ? ಅದರಿಂದ ಬೇಲಿಯ ಜಾಲಿ ಮುಳ್ಳು ಕತ್ತರಿಸಿ ಬಾಯಿ ಮೊಂಡು ಮಾಡಿದ್ದರೆ ನಿನ್ನನ್ನು ಬಿಡುವುದಿಲ್ಲ. ಅದನ್ನು ಕಳುಹಿಸು.

ಆದರೆ ಲಕೋಟೆ ಕೊಂಡು, ನೋಟ್‌ಬುಕ್ಕಿನ ಹಾಳೆ ಹರಿದು ಕುಳಿತಿರುವುದು ಕತ್ತರಿಗಾಗಿ ಅಲ್ಲ. ನಿನ್ನ ಮನೆಯ ಮುಂದಿನ ಗಿಡದಿಂದ ನನಗೆ ಹನ್ನೆರಡು ಕಡ್ಡಿ ಬೇಕು. ಕೇಳಿಕೊಳ್ಳುತ್ತಿದ್ದೇನೆ ಎಂದು ಹಿಗ್ಗಬೇಡ. ಎಪ್ಪತ್ತೊಂದರಲ್ಲಿ ಡಾಲ್ಡಾ ಡಬ್ಬಿಯಲ್ಲಿ ಇಟ್ಟು ಅದನ್ನು ನಿನಗೆ ಕೊಟ್ಟವನು ನಾನು. ನೀನು ಕಲ್ಲು ಪಾಲಿಶ್ ಮಾಡುವ ಕೆಲಸ ಬಿಟ್ಟು ಊರಿಗೆ ಹೊರಟಾಗ ನನ್ನ ಬೀಬಿ ನಜಮುನ್ನೀಸಾ ಆ ಡಬ್ಬಿಯನ್ನು ನಿನ್ನ ಪಕ್ಕ ಕುಳಿತ ಲಾಲಮ್ಮ ವೈನಿಯ ತೊಡೆಯ ಮೇಲೆ ಇಟ್ಟು, ಬಸ್ಸು ಹೊರಡುವವರೆಗೆ ಕಿಟಕಿಯ ಕೆಳಗೆ ನಿಂತಿದ್ದಳು. ಆ ಗಿಡ ಇದೆಯೋ ಸತ್ತಿದೆಯೋ ಎಂದು ನಿನಗೆ ಕಾಗದ ಬರೆದು ಕೇಳಲು ನನಗೆ ಮನಸ್ಸಾಗಲಿಲ್ಲ. ಕಂಡಕ್ಟರನನ್ನು ಕೇಳಿದೆ.

"ಮುಧೋಳದಾಗ ಬಸ್ ನಿಂದ್ರೋ ಜಾಗಾನೇ ಬದಲಾಗ್ಯಾದ್ರಿ ಅಜ್ಜಾ," ಅಂದ. "ಮಂದಿ ಎಲ್ಲಾ ಭೀಮಶ್ಯಾನ ಮನಿ ಮುಂದಿನ ಗಿಡದ ಬುಡಕ ಬಂದು ಕುಂದರ್ತಾರ. ಛತ್ರಿ ಬಿಚ್ಚಿಟ್ಟಂಗ ಅದ."

ಎಲೆಯ ಮೇಲೆ ರಸ್ತೆಯ ಧೂಳು ಕೂತಿದೆಯೇ ಎಂದು ಕೇಳಿದೆ. ನಕ್ಕ. "ಎಣ್ಣಿ ಹಚ್ಚಿದ ತಲಿ ಇದ್ದಂಗ ಅದರಿ. ಧೂಳು ಹೆಂಗ ನಿಂದರ್ತದ?"

ಅಷ್ಟು ಕೇಳಿ ಬಸ್ಸಿನಿಂದ ಇಳಿದೆ. ನಾನು ಇಳಿಯಬೇಕಾದ ಊರು ಇನ್ನೂ ಮುಂದಿತ್ತು. ಅಲ್ಲಿಗೆ ನಡೆದುಕೊಂಡು ಹೋದೆ.

ಹನ್ನೆರಡು ಕಡ್ಡಿ ಯಾಕೆ ಎಂದು ನೀನು ಕೇಳುತ್ತೀ. ಕಲ್ಲಿನ ಕೆಲಸ ಮಾಡಿದವನು ನೀನು, ಎಲ್ಲವನ್ನೂ ಬುಡದಿಂದ ಕೇಳುವುದು ನಿನ್ನ ಚಾಳಿ. ಸರಿ, ಬುಡದಿಂದಲೇ ಬರೆಯುತ್ತೇನೆ. ಮರೆತಿದ್ದರೆ ನೆನಪಾಗಲಿ. ಮರೆಯದಿದ್ದರೆ ಮತ್ತೊಮ್ಮೆ ಓದು, ನಿನಗೇನು ಕೆಲಸ.

ಐವತ್ತೊಂಬತ್ತರಲ್ಲಿ ಕಾರ್ಖಾನೆಯ ದೊಡ್ಡ ಸಾಹೇಬರು ವಿಲಾಯತಿಯಿಂದ ಒಂದು ಚೀಲ ಓಕ್ ಬೀಜ ತರಿಸಿದ್ದರು. ಕಾಲೋನಿಯ ರಸ್ತೆಯ ಎರಡೂ ಬದಿಗೆ ಓಕ್ ಗಿಡ ಬೇಕು, ಗುಮ್ಮಟದಂತೆ ನಿಲ್ಲಬೇಕು ಎಂದು ಅವರ ಆಸೆ. ನಾನು ನರ್ಸರಿಯ ಮಾಲಿ. ಹಾಕು ಅಂದರು, ಹಾಕಿದೆ. ಪ್ರತಿ ಬೀಜದ ತಲೆಯ ಮೇಲೆ ಒಂದೊಂದು ಟೋಪಿ ಇತ್ತು, ನೆನಪಿದೆಯೇ? ಗೇಣುದ್ದ ಎದ್ದವು, ನಮ್ಮ ಸುಣ್ಣದ ನೆಲಕ್ಕೆ ಹಳದಿಯಾದವು, ಏಪ್ರಿಲ್‌ನಲ್ಲಿ ಒಂದೂ ಉಳಿಯಲಿಲ್ಲ. ನಜಮುನ್ನೀಸಾ ನಕ್ಕಿದ್ದೇ ನಕ್ಕಿದ್ದು. "ಟೋಪಿ ಹಾಕ್ಕೊಂಡು ಬಂದ್ರ ಏನಾತ್ರಿ? ಶಹಾಬಾದ ಬಿಸಲಿಗೆ ಛತ್ರಿ ತರ್ಬೇಕಿತ್ತು."

ಸಾಹೇಬರು ನಗಲಿಲ್ಲ. ಹಾಗಾದರೆ ಇಲ್ಲಿಯ ಓಕ್ ನೀನೇ ಮಾಡಿಕೊಡು ಎಂದರು. ಗುಮ್ಮಟದಂತೆ ಇರಬೇಕು, ಸುಣ್ಣದ ನೆಲದಲ್ಲಿ ಬದುಕಬೇಕು, ಕ್ರಷರಿನ ಧೂಳಿಗೆ ಬಿಳಿಯಾಗಬಾರದು. ಸಿಟ್ಟಿನಲ್ಲಿ ಅಂದ ಮಾತು. ಅವರು ಸಂಜೆಗೆ ಮರೆತರು. ನಾನು ಮರೆಯಲಿಲ್ಲ.

ಆಗ ನಾವಿಬ್ಬರೂ ಚಿಂಚೋಳಿ ಅಡವಿಗೆ ಹೋದದ್ದು. ಕಟ್ಟಿಗೆ ತರುವ ಬಂಡಿಯಲ್ಲಿ ಎರಡು ದಿನ ಸೊಂಟ ಮುರಿಸಿಕೊಂಡು ಹೋದರೆ, ಹಳ್ಳದ ದಂಡೆಯಲ್ಲಿ ನಾನು ತೋರಿಸಿದ ಗಿಡ ನೋಡಿ ನೀನು ಬೀಡಿ ಕೆಳಗೆ ಒಗೆದೆ. "ಏ ಬಾಬು, ಇದು ಹುಲಗಲ ಅಲ್ಲೇನೋ! ಇದರ ಎಣ್ಣಿ ನಮ್ಮವ್ವ ದೀಪಕ್ಕ ಹಾಕ್ತಾಳ. ಹುಲಗಲ ನೋಡ್ಲಾಕ ನನ್ನ ಇಲ್ಲೀತನಕ ಎಳಕೊಂಡು ಬಂದಿ?" ಹುಲಗಲವೇ. ಮೈಸೂರು ಕಡೆಯವರು ಹೊಂಗೆ ಎನ್ನುವ ಗಿಡ. ಆದರೆ ಅದರ ಎಲೆ ಮಿಂಚುತ್ತಿತ್ತು, ಕೆಳಮುಖವಾಗಿ ಇಳಿಬಿದ್ದಿತ್ತು, ಬಂಡಿಯ ದಾರಿಯ ಧೂಳು ಅದರ ಮೇಲೆ ನಿಂತಿರಲಿಲ್ಲ. ಬೈಯುತ್ತಲೇ ನೀನು ನಿನ್ನ ರುಮಾಲು ಬಿಚ್ಚಿ ಬೀಜ ತುಂಬಿದೆ. ಅದನ್ನು ನಾನು ಇಲ್ಲ ಎನ್ನುವುದಿಲ್ಲ.

ಆ ಬೀಜ ಮುನ್ನೂರು ಚಿಲ್ಲರೆ ಎದ್ದವು. ಸಾಲು ಮಾಡಿ ಹಚ್ಚಿದೆ. ಕಟ್ಟಿಗೆಯ ಚೀಟಿ ಇಟ್ಟರೆ ಗೆದ್ದಲು, ತಗಡಿನದು ಇಟ್ಟರೆ ತುಕ್ಕು. ನೀನು ಪಾಲಿಶ್ ಮಷೀನಿನ ಹತ್ತಿರ ಬಿದ್ದ ಫರಸಿ ಕಲ್ಲಿನ ಚೂರು ತಂದು ಒಂದೊಂದರ ಮೇಲೂ ಉಳಿಯಿಂದ ಸಾಲಿನ ನಂಬರು, ಗಿಡದ ನಂಬರು ಕೆತ್ತಿ ಕೊಟ್ಟೆ. ಉರ್ದುವಿನಲ್ಲಿ ಮೂರನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು, ಕನ್ನಡದ ಅಂಕಿ ಕಲಿತದ್ದು ಆ ಕಲ್ಲಿನ ಮೇಲೆ. ಆಮೇಲೆ ಅಕ್ಷರ. ಈಗ ಅದೇ ಅಕ್ಷರದಲ್ಲಿ ನಿನ್ನನ್ನು ಬೈಯುತ್ತಿದ್ದೇನೆ, ನೀನೇ ಅನುಭವಿಸು.

ಏಳು ವರ್ಷ. ಡೊಂಕು ಬೆಳೆದದ್ದನ್ನು ಕಿತ್ತೆ, ಧೂಳು ಹಿಡಿದದ್ದನ್ನು ಕಿತ್ತೆ, ಟೊಂಗೆ ನೆಲಕ್ಕೆ ಬಿಟ್ಟದ್ದನ್ನು ಕಿತ್ತೆ. ನಜಮುನ್ನೀಸಾ ಒಂದು ಕಡೆ ನೀರು ಹಾಕುತ್ತಾ ಬಂದರೆ ನಾನು ಇನ್ನೊಂದು ಕಡೆಯಿಂದ ಕೀಳುತ್ತಾ ಬರುತ್ತಿದ್ದೆ. ಬೈಗುಳ ತಿಂದೆ. ಕೊನೆಗೆ ಏಳನೇ ಸಾಲಿನ ಹನ್ನೊಂದನೇ ಗಿಡ ಉಳಿಯಿತು. ಆಳೆತ್ತರದವರೆಗೆ ಸೀದಾ ಕಾಂಡ, ಅಲ್ಲಿಂದ ನಾಲ್ಕೂ ಕಡೆ ಸಮನಾಗಿ ಟೊಂಗೆ, ಮೇಲೆ ಗುಮ್ಮಟ. ಹೂವು ಬೇರೆ ಹುಲಗಲಕ್ಕಿಂತ ಗಾಢ, ಬದನೆಯ ಬಣ್ಣ. ಗಾಳಿ ಕ್ರಷರಿನ ಕಡೆಯಿಂದ ಬೀಸಿದ ದಿನ ಇಡೀ ಕಾಲೋನಿ ಹಿಟ್ಟಿನ ಗಿರಣಿಯಂತೆ ಬಿಳಿಯಾಗಿ ನಿಂತರೆ ಅದೊಂದು ಹಸಿರಾಗಿ ನಿಂತಿರುತ್ತಿತ್ತು. ಸಾಹೇಬರು ಕಾರು ನಿಲ್ಲಿಸಿ ಇಳಿದು ನೋಡಿದರು. ಹೆಸರೇನು ಎಂದರು. ನಾನು ಏಳು-ಹನ್ನೊಂದು ಎಂದೆ. ಅದೇ ಹೆಸರಾಯಿತು. "ಇದೇನು ಗಿಡದ ಹೆಸರೋ ರೈಲಿನ ಟೈಮೋ?" ಎಂದು ನಜಮುನ್ನೀಸಾ ಕೇಳಿದ್ದು ನಿನ್ನ ಎದುರಿಗೇ.

ಆಮೇಲೆ ನನ್ನ ಮೂರ್ಖತನ. ಅದರ ಬೀಜ ಬಿತ್ತಿ ಮೂರು ವರ್ಷ ಕಳೆದೆ. ಇನ್ನೂರು ಸಸಿಯಲ್ಲಿ ಒಂದೂ ತಾಯಿಯಂತೆ ಬರಲಿಲ್ಲ. ಚಿತ್ತಾಪುರದ ಮಾವಿನ ತೋಟದ ಹಣಮಪ್ಪ ಬಂದು ನೋಡಿ, "ಬೀಜ ನಂಬಿ ಕುಂತೀರೇನ್ರಿ ಸಾಬ್? ಹಿಂಗ ಮಾಡಿದ್ರ ಮೊಮ್ಮಕ್ಕಳ ಕಾಲಕ್ಕೂ ಆಗಲ್ಲ. ಕಸಿ ಕಟ್ರಿ," ಎಂದ. ಕಲಿಸಿದ. ಕೆಳಗೆ ಸಾದಾ ಹುಲಗಲದ ಬೇರು, ಮೇಲೆ ಏಳು-ಹನ್ನೊಂದರ ಕಡ್ಡಿ. ಹನ್ನೊಂದು ಕಟ್ಟಿದೆ, ನಾಲ್ಕು ಹಿಡಿದವು.

ಕಸಿ ಹಿಡಿದ ಮೇಲೂ ಒಂದು ಕೆಲಸ ಇರುತ್ತದೆ. ಕಟ್ಟಿದ ಗಂಟಿನ ಕೆಳಗೆ, ಸಾದಾ ಬೇರಿನಿಂದ ಚಿಗುರು ಏಳುತ್ತವೆ. ಅವನ್ನು ಎದ್ದ ಹಾಗೆ ಮುರಿಯಬೇಕು. ಬಿಟ್ಟರೆ ಬೇರಿನ ರಸವನ್ನೆಲ್ಲ ಅವೇ ಕುಡಿದು, ಮೇಲಿನ ಕಸಿ ಒಣಗಿ, ಗಿಡ ಮತ್ತೆ ಕಾಡಾಗುತ್ತದೆ. ನಜಮುನ್ನೀಸಾ ದಿನಾ ಬೆಳಿಗ್ಗೆ ಚಹಾ ಕುಡಿಯುವ ಮೊದಲು ಹೋಗಿ ಉಗುರಿನಿಂದ ಚಿವುಟಿ ಬರುತ್ತಿದ್ದಳು. ಅವಳ ಹೆಬ್ಬೆರಳಿನ ಉಗುರು ಆ ವರ್ಷವೆಲ್ಲ ಹಸಿರಾಗಿತ್ತು. ರೊಟ್ಟಿ ಬಡಿಯುವಾಗಲೂ ಹಸಿರು.

ನಾಲ್ಕರಲ್ಲಿ ಒಂದನ್ನು ಶಾಲೆಯ ಅಂಗಳದಲ್ಲಿ ಹಚ್ಚಿದರೆ ಆಡು ತಿಂದವು. ಒಂದನ್ನು ಬಂಗಲೆಯ ಮುಂದೆ ಹಚ್ಚಿದ್ದೆ, ಹಳೆಯ ಸಾಹೇಬರು ಹೋಗಿ ಹೊಸಬರು ಬಂದರು, ಮೋಟಾರು ನಿಲ್ಲಿಸಲು ಶೆಡ್ ಕಟ್ಟಿದರು, ಮುಗಿಯಿತು. ಮೂರನೆಯದು ನಿನ್ನದು. ಎಪ್ಪತ್ತಮೂರರಲ್ಲಿ ನಾನು ನಜಮುನ್ನೀಸಾಳನ್ನು ಗುಲ್ಬರ್ಗಾ ದವಾಖಾನೆಯಲ್ಲಿ ಇಟ್ಟುಕೊಂಡು ಕುಳಿತಿದ್ದಾಗ, ಲಾರಿ ರಸ್ತೆ ಅಗಲ ಮಾಡುವವರು ತಾಯಿ ಗಿಡವನ್ನೇ ಬೇರು ಸಮೇತ ಎತ್ತಿ ಒಗೆದರು. ತಿರುಗಿ ಬಂದಾಗ ಆ ಜಾಗದಲ್ಲಿ ನೀನು ಕೆತ್ತಿದ ಕಲ್ಲಿನ ಚೂರು ಮಾತ್ರ ಬೋರಲು ಬಿದ್ದಿತ್ತು. ಅದನ್ನು ಅವಳಿಗೆ ನಾನು ಹೇಳಲಿಲ್ಲ. ಕೇಳಿದಾಗಲೆಲ್ಲ ಹೂ ಬಿಟ್ಟಿದೆ ಎನ್ನುತ್ತಿದ್ದೆ.

ಮುಂದಿನ ವರ್ಷ ಅವಳು ಹೋದಳು. ಅದುವರೆಗೆ ಕುಂಡದಲ್ಲೇ ಇದ್ದ ನಾಲ್ಕನೆಯ ಕಸಿ ಗಿಡವನ್ನು ಅವಳ ಗೋರಿಯ ಕಾಲ ಕಡೆ ಹಚ್ಚಿದೆ. ತಗ್ಗು ತೋಡಿದವನು ನೀನು.

ಇನ್ನು ಈ ವಾರದ ಮಾತು. ತೋಟಗಾರಿಕೆ ಇಲಾಖೆಯ ಒಬ್ಬ ಬಾಯಿ ಬಂದಿದ್ದರು, ಸಣ್ಣ ವಯಸ್ಸಿನ ಹೆಣ್ಣುಮಗಳು, ಮೈಸೂರು ಕಡೆಯವರು, ತಲೆಗೆ ಬಿಸಿಲಿಗೆ ಟವೆಲ್ ಸುತ್ತಿಕೊಂಡು ತಾವೇ ನಡೆದು ನನ್ನ ಮನೆ ಹುಡುಕಿ ಬಂದರು. ಹಳೆಯ ಸಾಹೇಬರು ಎಲ್ಲಿಯೋ ಇವರ ಮುಂದೆ ಏಳು-ಹನ್ನೊಂದರ ಮಾತು ಆಡಿದ್ದಾರೆ. ವಾಡಿಯಿಂದ ಶಹಾಬಾದಿಗೆ ಬರುವ ರಸ್ತೆಗೆ ಈ ಮಳೆಗಾಲದ ಮುಂದಿನ ಮಳೆಗಾಲಕ್ಕೆ ಗಿಡ ಹಚ್ಚುವವರಿದ್ದಾರೆ. ಆ ಗಿಡ ನಿಜವಾಗಿ ಹಾಗಿದ್ದರೆ ಅದನ್ನೇ ಹಚ್ಚೋಣ, ನೀವೇ ಕಸಿ ಕಟ್ಟಿ ತೋರಿಸಿ, ನಮ್ಮ ಮಾಲಿಗಳೂ ಕಲಿಯಲಿ ಎಂದರು. ಇಪ್ಪತ್ತು ವರ್ಷದಲ್ಲಿ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಹೊಸ ಅಂಗಿ ಹಾಕಿಕೊಂಡು ಅವರನ್ನು ಖಬರಸ್ತಾನಕ್ಕೆ ಕರೆದುಕೊಂಡು ಹೋದೆ.

ಬಾಯಿ ಗಿಡದ ಸುತ್ತ ಒಂದು ಸಲ ತಿರುಗಿದರು. ಒಂದು ಎಲೆಯ ಮೇಲೆ ಬೆರಳು ಆಡಿಸಿದರು. ಬೆರಳು ಬಿಳಿಯಾಯಿತು. "ತಪ್ಪು ತಿಳೀಬೇಡಿ ಅಜ್ಜ," ಎಂದರು, ಮೆಲ್ಲಗೆ, ಪಕ್ಕದಲ್ಲಿ ಗೋರಿ ಇರುವುದರಿಂದ. "ಇದು ಸಾದಾ ಹೊಂಗೆ ಅಲ್ವಾ? ನಮ್ಮೂರ ಕೆರೆ ಏರಿ ಮೇಲೆ ಇಂಥವು ಬೇಕಾದಷ್ಟಿವೆ."

ಸಾದಾ ಹುಲಗಲವೇ ಆಗಿತ್ತು ಅದು. ಗಂಟಿನ ಕೆಳಗಿನ ಚಿಗುರು ನಾಲ್ಕು ದಪ್ಪ ಟೊಂಗೆಯಾಗಿ ಮೇಲೆದ್ದಿವೆ. ನಡುವೆ ನನ್ನ ಏಳು-ಹನ್ನೊಂದು ಒಣಗಿ ಕೋಲಾಗಿ ನಿಂತಿದೆ. ಹಿಡಿದರೆ ಕೈಗೆ ಬಂತು.

ಅಲ್ಲಿ ಖಬರಸ್ತಾನ ನೋಡಿಕೊಳ್ಳುವ ಜಿಲಾನಿ ನಿಂತಿದ್ದ. ಅವನಿಗೆ ಬೈಯುವಷ್ಟು ಬೈದೆ. ಕಣ್ಣಿದೆಯೋ ಗೋಲಿ ಇಟ್ಟುಕೊಂಡಿದ್ದೀಯೋ, ನಾಲ್ಕು ವರ್ಷ ಇಲ್ಲೇ ಕುಳಿತು ಈ ಚಿಗುರು ಕಾಣಲಿಲ್ಲವೇ ಎಂದೆ. ಅವನು, "ಚಾಚಾ, ಗೋರಿ ಮ್ಯಾಲಿನ ಹಸಿರು ಮುರೀಬಾರದು. ಹಸಿ ಇರೋತನಕ ಅದು ಖುದಾನ ಹೆಸರು ಹೇಳ್ತಿರ್ತದ, ಒಳಗಿದ್ದವರಿಗೆ ತಂಪು," ಎಂದ. ಅದು ನನಗೂ ಗೊತ್ತು. ಚಿಕ್ಕಂದಿನಿಂದ ಕೇಳಿದ್ದೇನೆ. ಆದರೆ ಮಾಲಿ ಹಚ್ಚಿದ ಕಸಿ ಗಿಡಕ್ಕೂ ಕಾಡು ಚಿಗುರಿಗೂ ಫರಕು ತಿಳಿಯಬೇಡವೇ? ಅವನು ಇನ್ನೂ ಏನೋ ಅಂದ. ಅದನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ.

ಪ್ರತಿ ಶುಕ್ರವಾರ ಅಲ್ಲಿಗೆ ಹೋಗುತ್ತೀಯಲ್ಲ, ನಿನಗೆ ಕಾಣಲಿಲ್ಲವೇ ಎಂದು ನೀನು ನನ್ನನ್ನು ಕೇಳಬಹುದು. ನನ್ನ ಕಣ್ಣು ಮೊದಲಿನಂತಿಲ್ಲ. ಅಷ್ಟೇ.

ಈಗ ಲೋಕದಲ್ಲಿ ಏಳು-ಹನ್ನೊಂದು ಇರುವುದು ಒಂದೇ ಕಡೆ, ನಿನ್ನ ಮನೆಯ ಮುಂದೆ. ಅದಕ್ಕೆ ಒಂದು ಲಾರಿ ಗುದ್ದಿದರೆ, ಒಂದು ಗೆದ್ದಲು ಹತ್ತಿದರೆ, ಇಪ್ಪತ್ತು ವರ್ಷ ಹೋಯಿತು. ನನ್ನದೂ ಹೋಯಿತು, ಅವಳ ಉಗುರಿನದೂ ಹೋಯಿತು. ಬಾಯಿ ಇನ್ನೊಂದು ಸಲ ಫೆಬ್ರುವರಿ ಹನ್ನೆರಡಕ್ಕೆ ಬರುತ್ತಾರೆ. ಅಜ್ಜನಿಗೆ ಅರಳುಮರಳು ಎಂದು ಅವರು ಅಂದುಕೊಂಡು ಹೋಗಿದ್ದಾರೆ, ಬಾಯಿಬಿಟ್ಟು ಅನ್ನಲಿಲ್ಲ. ಅದಕ್ಕಿಂತ ಅಂದಿದ್ದರೆ ಚೆನ್ನಾಗಿತ್ತು.

ಕಡ್ಡಿ ಹೇಗೆ ತೆಗೆಯಬೇಕು ಕೇಳು, ನಿನ್ನ ಬುದ್ಧಿ ಓಡಿಸಬೇಡ. ಹಳೆಯ ಎಲೆ ಉದುರಿ ಕಣ್ಣು ಜೋಳದ ಕಾಳಿನಷ್ಟು ಉಬ್ಬಿರಬೇಕು, ಬಿರಿದಿರಬಾರದು. ಮೇಲಿನ ಟೊಂಗೆಯದೇ ಬೇಕು, ಪೆನ್ಸಿಲಿನಷ್ಟು ದಪ್ಪ, ಗೇಣುದ್ದ. ಹಸಿ ಗೋಣಿತಟ್ಟಿನಲ್ಲಿ ಸುತ್ತಿ, ಅದರ ಮೇಲೆ ಬಾಳೆಲೆ ಸುತ್ತು. ಸೇಡಂ ಸ್ಟೇಷನ್ನಿನಲ್ಲಿ ಪ್ಯಾಸೆಂಜರ್ ಹತ್ತುವವರ ಕೈಗೆ ಕೊಟ್ಟರೆ ವಾಡಿಯಲ್ಲಿ ಚಹಾ ಮಾರುವ ಮಜೀದಸಾಬ ಇಳಿಸಿಕೊಂಡು ಶಹಾಬಾದ ಗಾಡಿಗೆ ಹಾಕುತ್ತಾನೆ. ಅವನಿಗೆ ಹೇಳಿದ್ದೇನೆ. ಮರುದಿನವೇ ಕಟ್ಟಬೇಕು, ಇಲ್ಲದಿದ್ದರೆ ಒಣಗುತ್ತವೆ. ನನ್ನ ಬಲಗೈ ಹೆಬ್ಬೆರಳು ನಡುಗಲು ಆರಂಭಿಸಿದೆ. ಈ ವರ್ಷ ಕಟ್ಟಬಲ್ಲೆ. ಮುಂದಿನ ವರ್ಷದ ಮಾತು ಆಡುವುದಿಲ್ಲ.

ನಮ್ಮ ಜಗಳ ಬೇರೆ, ಕಡ್ಡಿ ಬೇರೆ. ಜಗಳ ಯಾಕೆ ಎಂದು ಊರಿಗೆಲ್ಲ ಗೊತ್ತಿದೆ. ನೀನು ಅವಳ ತಲೆಯ ಕಡೆ ನಿಲ್ಲಿಸಲು ಕೊಟ್ಟ ಕಲ್ಲು ನಾಲ್ಕು ಬೆರಳು ಗಿಡ್ಡ ಇತ್ತು. ಮೂವತ್ತು ವರ್ಷ ಕಲ್ಲು ಅಳೆದವನು ನನ್ನ ಹೆಂಡತಿಯ ಕಲ್ಲಿನಲ್ಲಿ ತಪ್ಪಿದ ಎಂದು ನಾನು ಕೇಳಿದವರಿಗೆಲ್ಲ ಹೇಳಿದ್ದೇನೆ. ನೀನು ಒಂದು ದಿನವೂ ಬಂದು ಇಲ್ಲ ಎನ್ನಲಿಲ್ಲ. ಅದೂ ನನಗೆ ಸಿಟ್ಟು.

ಲಾಲಮ್ಮ ವೈನಿಗೆ ನನ್ನ ಸಲಾಂ ಹೇಳು. ನಿನಗೆ ಇಲ್ಲ.

ಸಿಟ್ಟು ಇಳಿಯದ,
ಬಾಬುಮಿಯಾ
ಮಾಲಿ

ತಾಜಾ ಕಲಂ, ಸೋಮವಾರ. ಲಕೋಟೆ ಅಂಟಿಸಿ ಪೋಸ್ಟ್ ಡಬ್ಬಿಯವರೆಗೆ ಹೋಗಿದ್ದೆ. ತಿರುಗಿ ಬಂದು ಹರಿದೆ. ಹೊಸ ಲಕೋಟೆ ತಂದೆ.

ಜಿಲಾನಿ ಅಂದದ್ದು ಇದು: "ಮುರೀಬ್ಯಾಡ ಅಂದವ್ರು ನೀವೇ ಅಲ್ಲೇನ್ರಿ ಚಾಚಾ? ಮೊದಲನೇ ಮಳಿಗಾಲದಾಗ ನಾ ಚಿವುಟ್ಲಾಕ ಹೋದ್ರ ನನ್ನ ಕೈ ಹಿಡಿದ್ರಿ." ಹಿಡಿದದ್ದು ನಿಜ. ನನ್ನ ಕಣ್ಣಿಗೆ ಏನೂ ಆಗಿಲ್ಲ, ಸೂಜಿಗೆ ದಾರ ನಾನೇ ಪೋಣಿಸುತ್ತೇನೆ. ಮೊದಲನೆಯ ಚಿಗುರು ಎದ್ದ ಶುಕ್ರವಾರವೂ ನನಗೆ ಗೊತ್ತು. ಎಲ್ಲ ಶುಕ್ರವಾರವೂ ನೋಡಿದೆ. ಮಾಲಿಯ ಕೈ ಮುಂದೆ ಹೋಗುತ್ತಿತ್ತು, ಅವಳ ಮೇಲಿನ ಹಸಿರು ಎಂದು ಹಿಂದೆ ಬರುತ್ತಿತ್ತು. ಅವಳಾಗಿದ್ದರೆ ನನ್ನ ಕೈಗೆ ಹೊಡೆದು ತಾನೇ ಚಿವುಟುತ್ತಿದ್ದಳು.

ನೀನು ಕತ್ತರಿ ಒಯ್ಯಲಿಲ್ಲ. ಅದೇ ಮಳೆಗಾಲದಲ್ಲಿ ಗೋರಿಯ ಹತ್ತಿರ ನಾನೇ ನಿನ್ನ ಕೈಗೆ ಕೊಟ್ಟೆ, ನನ್ನಿಂದ ಆಗಲ್ಲ, ನೀನು ಮುರಿ ಎಂದು. ನೀನು ಬಗ್ಗಿದೆ. ಹಸಿರಿನ ಮೇಲೆ ಅದರ ಬಾಯಿ ಕಂಡ ಕೂಡಲೇ ನಾನು ಕೂಗಿದೆ. ನಿಮ್ಮವರ ಗೋರಿ ಆಗಿದ್ದರೆ ಹೀಗೆ ಕತ್ತರಿ ಹಾಕುತ್ತಿದ್ದೆಯಾ, ಹೊರಗೆ ನಡಿ ಎಂದೆ. ಅವಳನ್ನು ಮಣ್ಣಿಗೆ ಒಯ್ಯುವಾಗ ಡೋಲಿಗೆ ಹೆಗಲು ಕೊಟ್ಟವನಿಗೆ ಅಂದೆ. ಕತ್ತರಿ ಕೈಯಲ್ಲಿ ಇರುವುದೂ ತಿಳಿಯದೆ ನೀನು ಗೇಟು ದಾಟಿದ್ದನ್ನು ನೋಡುತ್ತಾ ನಿಂತಿದ್ದೆ.

ಕಲ್ಲು ಸರಿಯಾಗಿದೆ. ಅಂದೇ ಅಳೆದಿದ್ದೆ.

ಮಜೀದಸಾಬನ ಕೈಗೆ ಕೊಡಬೇಡ. ಕಡ್ಡಿ, ಕತ್ತರಿ ಎರಡನ್ನೂ ನೀನೇ ತೆಗೆದುಕೊಂಡು ಬಾ. ಅವಳ ಕಾಲ ಕಡೆಯ ಕಾಡು ಟೊಂಗೆಗಳನ್ನು ಸೊಂಟದ ಎತ್ತರಕ್ಕೆ ಕತ್ತರಿಸಿ, ಅದೇ ಬೇರಿನ ಮೇಲೆ ಮೊದಲನೆಯ ಕಡ್ಡಿ ಕಟ್ಟಬೇಕು. ಕಟ್ಟುವುದು ನಾನು. ಕತ್ತರಿಸುವುದು ನೀನು. ನಾನು ಪಕ್ಕದಲ್ಲೇ ನಿಂತಿರುತ್ತೇನೆ. ಈ ಸಲ ಕೂಗುವುದಿಲ್ಲ.